ಏಳು ಸಣ್ಣ ಡಬ್ಬಿಗಳು ಹೇಳುವ ವಿಷಯ

ಪ್ರಶ್ನೆ: ಬೆಟ್ಟದ ಕಾಡೊಂದರಲ್ಲಿ ಚಾರಣ ಮಾಡುವಾಗ ನಮ್ಮ ತಂಡಕ್ಕೆ ಎರಡನೇ ಮಹಾಯುದ್ಧದ ಕಾಲದ ವಿಮಾನವೊಂದರ ಅವಶೇಷ ಕಂಡಿತು. ಬೆಂಕಿಗೆ ಸಿಕ್ಕಿ ಒಡಲಿನ ಬಹುಭಾಗ ಕರಗಿದೆ, ರೆಕ್ಕೆಯ ತುಂಡುಗಳು ಕಮರಿಗೆ ಜಾರಿವೆ. ರೇಡಿಯೊ ಸಾಮಗ್ರಿ ಮಾತ್ರ ಒಂದಷ್ಟು ಉಳಿದಿದೆ. ಬಣ್ಣ ಬಳಿಯದ ಅಲ್ಯೂಮಿನಿಯಂ ಪೆಟ್ಟಿಗೆಯೊಂದರ ಫಲಕದಲ್ಲಿ ‘ಬಿಸಿ-45’ (BC-45) ಎಂಬಲ್ಲಿಗೆ ಬರಹ ಅಳಿಸಿದೆ, ಡಯಲ್‌ನಲ್ಲಿ 3ರಿಂದ 6ರವರೆಗೆ ಅಂಕಿಗಳಿವೆ, ಕ್ರಮಸಂಖ್ಯೆ ಸ್ಪಷ್ಟವಾಗಿದೆ. ‘ವಿಟಿ-4-ಸಿ’ ಎಂದು ಬರೆದ ದೊಡ್ಡ ಗಾಜಿನ ವಾಲ್ವ್ (ಹಳೆಯ ರೇಡಿಯೊಗಳ ನಿರ್ವಾತ ಕೊಳವೆ) ಇದೆ. ಹನಿಯಾಕಾರದ ಹೊದಿಕೆಯೊಳಗೆ ಬಳೆಯಂತಹ ತಂತಿಯ ಸುರುಳಿ ಇದೆ. ತಿರುಗಿಸುವ ಗುಂಡಿಯಿರುವ ಒಂದೇ ತೆರನ ಏಳು ಸಣ್ಣ ಡಬ್ಬಿಗಳೂ ಇವೆ. ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಕೆಳಗೆ ತಂದಿದ್ದೇವೆ, ಉಳಿದವುಗಳ ಫೋಟೊ ತೆಗೆದಿದ್ದೇವೆ. ಆ ಕ್ರಮಸಂಖ್ಯೆ ಹಿಡಿದು ವಿಮಾನ ಯಾವುದು, ಅದರಲ್ಲಿದ್ದವರು ಯಾರು ಎಂದು ತಿಳಿಯಬಹುದೇ?

ಉತ್ತರ: ಆ ಕ್ರಮಸಂಖ್ಯೆಯಿಂದ ತಿಳಿಯುವುದಿಲ್ಲ. ನೀವು ಅತಿ ಮುಖ್ಯವೆಂದು ಹೊತ್ತು ತಂದ ಪೆಟ್ಟಿಗೆಗಿಂತ, ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಆ ಏಳು ಡಬ್ಬಿಗಳೇ ಈ ವಿಮಾನದ ಬಗ್ಗೆ ಹೆಚ್ಚು ಹೇಳುತ್ತವೆ. ಯಾಕೆಂದು ಸಾವಕಾಶವಾಗಿ ವಿವರಿಸುತ್ತೇನೆ.

ಮೊದಲು ಕ್ರಮಸಂಖ್ಯೆಯ ವಿಷಯ. ಯುದ್ಧಕಾಲದ ವಿಮಾನದಲ್ಲಿ ರೇಡಿಯೊ ಶಾಶ್ವತ ಅಂಗವಾಗಿರಲಿಲ್ಲ. ಒಡಲಿಗೆ ಬಿಗಿದಿರುತ್ತಿದ್ದುದು ಚೌಕಟ್ಟು ಮಾತ್ರ. ಪೆಟ್ಟಿಗೆ ಅದರೊಳಗೆ ಜಾರಿ ಕೂರುತ್ತಿತ್ತು. ಹಾರಾಟದಲ್ಲಿ ಕೈಕೊಟ್ಟ ರಿಸೀವರನ್ನು ನೆಲದ ಮೆಕ್ಯಾನಿಕ್ ರಾತ್ರಿಯೇ ಎಳೆದು ತೆಗೆದು, ಪಕ್ಕದ ವಿಮಾನದ್ದನ್ನೋ ಉಗ್ರಾಣದ್ದನ್ನೋ ತುರುಕಿ, ಬೆಳಗಿನ ಹಾರಾಟಕ್ಕೆ ಸಿದ್ಧಮಾಡುತ್ತಿದ್ದ. ಯಾವ ಪೆಟ್ಟಿಗೆ ಯಾವ ವಿಮಾನಕ್ಕೆ ಹೋಯಿತು ಎಂಬ ಲೆಕ್ಕ ಸಾಮಾನ್ಯವಾಗಿ ದಾಖಲೆಗಳಲ್ಲಿ ಉಳಿದಿಲ್ಲ. ಇದು ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎನ್ನುವುದಕ್ಕೆ ‘ಲೇಡಿ ಬಿ ಗುಡ್’ ಎಂಬ ಅಮೆರಿಕನ್ ಬಿ-24ಡಿ ಬಾಂಬರ್ ಸಾಕ್ಷಿ. 1943ರ ಏಪ್ರಿಲ್ 4ರಂದು ನೇಪಲ್ಸ್ ಮೇಲಿನ ದಾಳಿ ಮುಗಿಸಿ ಮರಳುವಾಗ ಅದು ಕತ್ತಲಲ್ಲಿ ತನ್ನ ನೆಲೆಯನ್ನು ದಾಟಿ ಲಿಬಿಯಾದ ಮರಳುಗಾಡಿನ ಒಳಕ್ಕೆ ಹೋಗಿ ಬಿತ್ತು. ತೈಲ ಶೋಧಕರ ಕಣ್ಣಿಗೆ ಬಿದ್ದದ್ದು 1958ರಲ್ಲಿ. ಒಣ ಹವೆಯಲ್ಲಿ ಅದರ ರೇಡಿಯೊ ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿತ್ತು. ಅದರಿಂದ ಬಿಚ್ಚಿದ ರಿಸೀವರೊಂದನ್ನು ಸಿ-47 ಎಂಬ ಸಾಗಣೆ ವಿಮಾನವೊಂದಕ್ಕೆ ಜೋಡಿಸಲಾಯಿತು. ಆ ಸಿ-47 ಮುಂದೆ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯಬೇಕಾಗಿ ಬಂತು. ಸಮುದ್ರದ ತಳದಿಂದ ಯಾರಾದರೂ ಆ ರಿಸೀವರನ್ನು ಎತ್ತಿ, ಅದರ ಸಂಖ್ಯೆಯೇ ವಿಮಾನದ ಗುರುತು ಎಂದು ನಂಬಿದರೆ, ಮರಳುಗಾಡಿನಲ್ಲಿ ಸತ್ತ ಒಂಬತ್ತು ಜನರ ಹೆಸರನ್ನು ಸಮುದ್ರಕ್ಕೆ ಬರೆದಂತಾಗುತ್ತದೆ.

ಎಂಜಿನ್ ಮತ್ತು ಮೆಷಿನ್ ಗನ್‌ಗಳ ಕಥೆ ಬೇರೆ. 1943ರಿಂದ ಅಮೆರಿಕದ ಸೇನಾ ವಾಯುಪಡೆ, ಮರಳಿ ಬಾರದ ವಿಮಾನಗಳಿಗೆ ‘ಕಾಣೆಯಾದ ಸಿಬ್ಬಂದಿಯ ವರದಿ’ ಎಂಬ ನಮೂನೆಯನ್ನು ತುಂಬಿಸುತ್ತಿತ್ತು. ಅದರಲ್ಲಿ ವಿಮಾನದ ಸಂಖ್ಯೆ ಮತ್ತು ಸಿಬ್ಬಂದಿಯ ಹೆಸರುಗಳ ಜೊತೆಗೆ ಎಂಜಿನ್‌ಗಳ ಹಾಗೂ ಅಳವಡಿಸಿದ ಗನ್‌ಗಳ ಕ್ರಮಸಂಖ್ಯೆಗೂ ಜಾಗವಿತ್ತು. ಆ ವರದಿಗಳು ಇಂದು ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ. ಇಂಥದೇ ವಿಮಾನ ಎಂದು ಬೆರಳು ಮಾಡಿ ತೋರಿಸುವ ಕೆಲಸ ಆ ಸಂಖ್ಯೆಗಳದ್ದು. ರೇಡಿಯೊ ಅದಕ್ಕೂ ಮುಂಚಿನ ಹಂತದಲ್ಲಿ ನೆರವಾಗುತ್ತದೆ: ಯಾರ ವಿಮಾನ, ಯಾವ ಬಗೆಯದು, ಯಾವ ದಿನಕ್ಕಿಂತ ಮುಂಚೆ ಬಿದ್ದಿರಲಾರದು ಎಂದು ಹೇಳಿ, ನೂರಾರು ಸಾಧ್ಯತೆಗಳನ್ನು ಹತ್ತಿಪ್ಪತ್ತಕ್ಕೆ ಇಳಿಸುತ್ತದೆ. ಹಿಮಾಲಯದ ಪೂರ್ವದ ತುದಿಯಲ್ಲಿ, ಅಸ್ಸಾಮಿನಿಂದ ಚೀನಾದ ಕುನ್ಮಿಂಗ್‌ಗೆ ಸಾಮಗ್ರಿ ಸಾಗಿಸುತ್ತಿದ್ದ ‘ಹಂಪ್’ ದಾರಿಯೊಂದರಲ್ಲೇ 1942ರಿಂದ 1945ರ ನಡುವೆ ನೂರಾರು ವಿಮಾನಗಳು ಬಿದ್ದಿವೆ. ಅಂತಹ ಕಡೆ ಹುಡುಕುವವರಿಗೆ ಈ ಇಳಿಕೆಯ ಬೆಲೆ ಗೊತ್ತು.

ಈಗ ನಿಮ್ಮ ಸಾಮಗ್ರಿಗೆ ಬರೋಣ. ‘ಬಿಸಿ’ ಎಂಬುದು ಅಮೆರಿಕದ ಸೇನೆಯ ಸಿಗ್ನಲ್ ಕೋರ್ ಒಂದು ಬಿಡಿ ಪೆಟ್ಟಿಗೆಗೆ ಕೊಡುತ್ತಿದ್ದ ಹೆಸರು. ಹಲವು ಪೆಟ್ಟಿಗೆಗಳು ಸೇರಿದ ಇಡೀ ವ್ಯವಸ್ಥೆಗೆ ‘ಎಸ್‌ಸಿಆರ್’ ಸಂಖ್ಯೆ ಇರುತ್ತಿತ್ತು. 453ರಿಂದ 459ರವರೆಗಿನ ಪೆಟ್ಟಿಗೆಗಳು ಎಸ್‌ಸಿಆರ್-274-ಎನ್ ಎಂಬ ಕುಟುಂಬದವು. ಹತ್ತಿರದ ವಿಮಾನಗಳೊಡನೆ ಮತ್ತು ನೆಲದ ಗೋಪುರದೊಡನೆ ಪೈಲಟ್ ಮಾತನಾಡುತ್ತಿದ್ದುದು ಇದರಿಂದಲೇ. ಅದರಲ್ಲಿ 3ರಿಂದ 6 ಮೆಗಾಹರ್ಟ್ಸ್ ಡಯಲ್ ಇರುವ ರಿಸೀವರ್ ಬಿಸಿ-454. ಅಳಿಸಿದ ಅಂಕಿ 4 ಎಂದು ಭರ್ತಿಮಾಡಿಕೊಳ್ಳಿ. ಟ್ರಾನ್ಸ್‌ಮಿಟರ್ ಆಗಿದ್ದರೆ ಒಳಗೆ ಎರಡು 1625 ವಾಲ್ವ್‌ಗಳ ದೊಡ್ಡ ಕೂಡುಗುಳಿಗಳು ಕಾಣುತ್ತಿದ್ದವು. ನಿಮ್ಮ ಫೋಟೊದಲ್ಲಿ ಪೆಟ್ಟಿಗೆಯ ಹಿಂಭಾಗದ ಮೇಲೆ ದುಂಡಗಿನ ಸಣ್ಣ ಮೋಟಾರಿನಂಥದ್ದು ಕೂತಿದೆ, ಅದು ಡೈನಮೋಟರ್. 28 ವೋಲ್ಟಿನ ವಿಮಾನ ವಿದ್ಯುತ್ತನ್ನು ವಾಲ್ವ್‌ಗಳಿಗೆ ಬೇಕಾದ ಹೆಚ್ಚು ವೋಲ್ಟೇಜಿಗೆ ಏರಿಸುವುದು ಅದರ ಕೆಲಸ. ಹಾಗಾಗಿ ಇದು ರಿಸೀವರೇ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಸೇನೆಯ 274-ಎನ್ ಸಾಮಾನ್ಯವಾಗಿ ಬರಿಯ ಅಲ್ಯೂಮಿನಿಯಂ ಮೈಯದು. ಅದರ ಸೋದರನಂತಿರುವ ನೌಕಾಪಡೆಯ ಎಆರ್‌ಸಿ-5 ಕಪ್ಪು ಸುಕ್ಕುಬಣ್ಣದ್ದು. ಆದ್ದರಿಂದ ನಿಮ್ಮದು ಸೇನಾ ವಾಯುಪಡೆಯ ವಿಮಾನ ಎಂಬ ಕಡೆಗೆ ತಕ್ಕಡಿ ವಾಲುತ್ತದೆ. ಆದರೆ ಈ ಕೆಲಸಕ್ಕೆ ತೊಡಗಿದ ಮೊದಲ ವರ್ಷಗಳಲ್ಲಿ ನಾನು ಕಪ್ಪು ಬಣ್ಣವೊಂದನ್ನೇ ನೋಡಿ ‘ನೌಕಾಪಡೆ’ ಎಂದು ಬರೆದುಕೊಟ್ಟು, ವಾರದ ನಂತರ ಫಲಕ ಶುಚಿಯಾದಾಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕೊನೆಯ ವರ್ಷಗಳಲ್ಲಿ ಸೇನೆಗೂ ಕಪ್ಪು ಪೆಟ್ಟಿಗೆಗಳು ಹೋಗಿವೆ. ಬಣ್ಣಕ್ಕಿಂತ ಫಲಕದ ಅಕ್ಷರಗಳು ನಂಬಿಕಸ್ಥ. ನೌಕಾಪಡೆಯ ಫಲಕದಲ್ಲಿ ತಯಾರಕರ ಸಂಕೇತಾಕ್ಷರ ಮೊದಲು ಬರುತ್ತದೆ. ಏರ್‌ಕ್ರಾಫ್ಟ್ ರೇಡಿಯೊ ಕಾರ್ಪೊರೇಷನ್‌ಗೆ ‘ಸಿಬಿವೈ’, ಆರ್‌ಸಿಎಗೆ ‘ಸಿಆರ್‌ವಿ’ ಹೀಗೆ. 1943ರಲ್ಲಿ ಎರಡೂ ಪಡೆಗಳು ಸೇರಿ ‘ಎಎನ್’ ಎಂಬ ಒಂದೇ ಹೆಸರಿಡುವ ಪದ್ಧತಿಗೆ ಬಂದವು. ಅಲ್ಲಿ ಪ್ರತಿ ಅಕ್ಷರಕ್ಕೂ ಅರ್ಥವಿದೆ. ಎಎನ್/ಎಆರ್‌ಸಿ ಎಂದರೆ ವಿಮಾನದ ರೇಡಿಯೊ, ಸಂಪರ್ಕಕ್ಕಾಗಿ. ಮಧ್ಯದ ಅಕ್ಷರ ‘ಪಿ’ ಆದರೆ ರೇಡಾರ್. ಎಎನ್/ಎಪಿಕ್ಯೂ-13 ಎಂಬ ಫಲಕ ಸಿಕ್ಕರೆ ಮೊದಲು ಬಿ-29 ಬಾಂಬರನ್ನೇ ಯೋಚಿಸಬೇಕು.

ವಿಟಿ-4-ಸಿ ವಾಲ್ವ್ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ವ್ಯಾಪಾರದ ಹೆಸರು 211. ಬಿಸಿ-375 ಟ್ರಾನ್ಸ್‌ಮಿಟರ್‌ನಲ್ಲಿ ಇಂಥವು ನಾಲ್ಕು ಇರುತ್ತಿದ್ದವು, ಜೊತೆಗೆ ಒಂದು ವಿಟಿ-25. ದೂರದ ನೆಲೆಗೆ ಮೋರ್ಸ್ ಸಂದೇಶ ಕಳುಹಿಸುವ ಭಾರಿ ಯಂತ್ರ ಅದು. ಬಿಸಿ-348 ರಿಸೀವರ್ ಅದರ ಜೋಡಿ. ಅದನ್ನು ನಡೆಸಲು ಪ್ರತ್ಯೇಕ ರೇಡಿಯೊ ಆಪರೇಟರ್ ಬೇಕು. ಒಬ್ಬನೇ ಕೂರುವ ಯುದ್ಧವಿಮಾನದಲ್ಲಿ ಅದಕ್ಕೆ ಜಾಗವೂ ಇಲ್ಲ, ಕೈಯೂ ಇಲ್ಲ. ಇದೇ ವಾಲ್ವ್ ನೆಲದ ಮೇಲೆ ಬಳಸುವ ಬಿಸಿ-191ರಲ್ಲಿಯೂ ಇತ್ತು ನಿಜ, ಆದರೆ ವಿಮಾನದ ಅವಶೇಷದ ನಡುವೆ ಸಿಕ್ಕಾಗ ಆ ಅನುಮಾನವನ್ನು ಪಕ್ಕಕ್ಕಿಡಬಹುದು. ಹನಿಯಾಕಾರದ ಹೊದಿಕೆಯೊಳಗಿನ ಸುರುಳಿ ಎಸ್‌ಸಿಆರ್-269 ರೇಡಿಯೊ ದಿಕ್ಸೂಚಿಯ ಆಂಟೆನಾ. ಇವು ಮೂರೂ ಸೇರಿದರೆ ದೂರ ಹಾರುವ, ಒಂದಕ್ಕಿಂತ ಹೆಚ್ಚು ಎಂಜಿನ್‌ಗಳ ಅಮೆರಿಕನ್ ಸೇನಾ ವಿಮಾನ ಎಂಬಲ್ಲಿಗೆ ಬಂದೆವು.

ಇಲ್ಲಿಗೆ ದಾರಿ ಕವಲೊಡೆಯುತ್ತದೆ. ಬಿ-24 ಬಾಂಬರ್, ಬಿ-25 ಬಾಂಬರ್, ಸಿ-46 ಮತ್ತು ಸಿ-47 ಸಾಗಣೆ ವಿಮಾನಗಳು ಎಲ್ಲವೂ ಹೆಚ್ಚುಕಡಿಮೆ ಇದೇ ರೇಡಿಯೊಗಳನ್ನು ಹೊತ್ತಿದ್ದವು. ಪೆಟ್ಟಿಗೆಗಳನ್ನು ಎಷ್ಟು ತಿಕ್ಕಿ ನೋಡಿದರೂ ಅವು ಈ ನಾಲ್ಕನ್ನು ಬೇರ್ಪಡಿಸುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು ಎನ್ನುವ ಮಾತು ಇಲ್ಲಿ ನಡೆಯದು.

ಇಲ್ಲಿಯೇ ನಿಮ್ಮ ಏಳು ಡಬ್ಬಿಗಳು ಮಾತಾಡುವುದು. ಅವು ಬಿಸಿ-366 ಜಾಕ್‌ಬಾಕ್ಸ್‌ಗಳು. ವಿಮಾನದಲ್ಲಿ ಪ್ರತಿಯೊಬ್ಬನೂ ಕೂರುವ ಜಾಗದಲ್ಲಿ ಇಂಥದ್ದೊಂದು ಇರುತ್ತಿತ್ತು. ಹೆಡ್‌ಫೋನನ್ನು ಅದಕ್ಕೆ ಚುಚ್ಚಿ, ಗುಂಡಿ ತಿರುಗಿಸಿ, ದಿಕ್ಸೂಚಿಯನ್ನೋ ದೂರದ ರೇಡಿಯೊವನ್ನೋ ಹತ್ತಿರದ ರೇಡಿಯೊವನ್ನೋ ಕೇಳಬಹುದಿತ್ತು, ಇಲ್ಲವೇ ಒಳಗಿನ ಸಹಚರರೊಡನೆ ಮಾತಾಡಬಹುದಿತ್ತು. ಬಾಂಬರ್‌ನ ಮೂತಿಯ ಗನ್ನರ್‌ಗೆ ಒಂದು, ಬಾಲದವನಿಗೆ ಒಂದು, ಸೊಂಟದ ಎರಡು ಕಿಟಕಿಗಳಲ್ಲಿ ನಿಂತವರಿಗೆ ಒಂದೊಂದು. ಬಿ-24ರಲ್ಲಿ ಹತ್ತು ಜನ ಹಾರುತ್ತಿದ್ದರು. ಬಿ-25ರಲ್ಲಿ ಐದಾರು ಜನ. ಸಿ-47ರಲ್ಲಿ ಪೈಲಟ್, ಸಹ ಪೈಲಟ್, ರೇಡಿಯೊ ಆಪರೇಟರ್, ಕೆಲವೊಮ್ಮೆ ದಾರಿ ಲೆಕ್ಕ ಹಾಕುವವನು, ಅಷ್ಟೇ. ನಿಮಗೆ ಏಳು ಕಂಡಿವೆ ಎಂದರೆ ಕನಿಷ್ಠ ಏಳು ಇದ್ದವು. ಸುಟ್ಟುಹೋದವು, ಕಮರಿಗೆ ಉರುಳಿದವು ಇನ್ನೆಷ್ಟೋ. ಈ ಲೆಕ್ಕ ಒಂದೇ ಬಗೆಯಲ್ಲಿ ನಡೆಯುತ್ತದೆ. ಹೆಚ್ಚು ಸಿಕ್ಕರೆ ಅದು ಸಾಕ್ಷಿ, ಕಡಿಮೆ ಸಿಕ್ಕರೆ ಅದು ಯಾವುದಕ್ಕೂ ಸಾಕ್ಷಿಯಲ್ಲ. ಏಳು ಜಾಕ್‌ಬಾಕ್ಸ್‌ಗಳು ನನ್ನನ್ನು ನಾಲ್ಕು ಎಂಜಿನ್‌ಗಳ ಬಾಂಬರ್‌ನತ್ತ, ಬಹುಶಃ ಬಿ-24ರತ್ತ ನೂಕುತ್ತವೆ. ಒಂದು ತೊಡಕು ಉಳಿದಿದೆ. ಬಿ-24 ಬಾಂಬರನ್ನೇ ಮಾರ್ಪಡಿಸಿ ಇಂಧನ ಸಾಗಿಸುವ ಸಿ-109 ಮಾಡಿದರು. ಹಳೆಯ ಡಬ್ಬಿಗಳು ಅದರಲ್ಲಿಯೂ ಉಳಿದಿರಬಹುದು. ಅದನ್ನು ಬಿಡಿಸುವುದು ರೇಡಿಯೊದ ಕೈಯಲ್ಲಿಲ್ಲ.

ಕಾಲವನ್ನು ನಿರ್ಧರಿಸುವುದು ಹೇಗೆಂದು ನೀವು ಕೇಳಿಲ್ಲ, ಆದರೆ ಅದು ಬೇಕಾಗುತ್ತದೆ. ಅಮೆರಿಕನ್ ಫಲಕಗಳಲ್ಲಿ ‘ಆರ್ಡರ್ ನಂಬರ್’ ಎಂಬ ಸಾಲು ಇರುತ್ತದೆ: ಒಂದು ಸಂಖ್ಯೆ, ಖರೀದಿ ಕಚೇರಿಯ ಸಂಕ್ಷೇಪ, ಕೊನೆಗೆ 42, 43, 44 ಎಂಬಂತೆ ವರ್ಷ. ಅದು ಆರ್ಡರ್ ಕೊಟ್ಟ ಆರ್ಥಿಕ ವರ್ಷ. ಆಗ ಅಮೆರಿಕದ ಆರ್ಥಿಕ ವರ್ಷ ಜುಲೈನಿಂದ ಜೂನ್‌ವರೆಗೆ ಇತ್ತು, ಆದ್ದರಿಂದ 43 ಎಂದರೆ 1942ರ ಜುಲೈನಿಂದ ಮುಂದೆ. ಆರ್ಡರ್ ಕೊಟ್ಟದ್ದು, ತಯಾರಾದದ್ದು, ಹಡಗಿನಲ್ಲಿ ಬಂದದ್ದು, ವಿಮಾನಕ್ಕೇರಿದ್ದು ಇವುಗಳ ನಡುವೆ ಹಲವು ತಿಂಗಳು ಹಿಡಿಯುತ್ತಿತ್ತು. ಇದಕ್ಕಿಂತ ಚುರುಕಾದ ಗುರುತು ಇನ್ನೊಂದಿದೆ. ಉಷ್ಣವಲಯದ ತೇವ ಮತ್ತು ಬೂಷ್ಟಿನಿಂದ ಕಾಪಾಡಲು ಪೆಟ್ಟಿಗೆಯ ಒಳಭಾಗಕ್ಕೆ ಅರಗಿನಂಥ ಲೇಪ ಸಿಂಪಡಿಸುತ್ತಿದ್ದರು. ಲೇಪ ಮಾಡಿದ ಮೇಲೆ ಚಾಸಿಯ ಮೇಲೆ ‘ಎಂಎಫ್‌ಪಿ’ ಎಂಬ ಮುದ್ರೆಯೊತ್ತಿ ಅದರ ತಾರೀಖನ್ನೂ ಹಾಕುತ್ತಿದ್ದರು. ನಿಮ್ಮ ರಿಸೀವರ್‌ನ ಒಳಗೆ ಆ ಮುದ್ರೆ ಇದೆಯೇ ನೋಡಿ. ಇಡೀ ಅವಶೇಷದಲ್ಲಿ ಸಿಗುವ ಎಲ್ಲ ತಾರೀಖುಗಳಲ್ಲಿ ಯಾವುದು ಎಲ್ಲಕ್ಕಿಂತ ಇತ್ತೀಚಿನದೋ ಅದರ ಹಿಂದೆ ಅಪಘಾತವನ್ನು ಒಯ್ಯಲಾಗದು. ಪೆಟ್ಟಿಗೆಗಳು ಒಂದು ವಿಮಾನದಿಂದ ಇನ್ನೊಂದಕ್ಕೆ ಓಡಾಡಿದ್ದರೂ ಈ ತರ್ಕ ಮುರಿಯುವುದಿಲ್ಲ. ರೇಡಿಯೊದಿಂದ ಸಿಗುವ ಅತ್ಯಂತ ಗಟ್ಟಿ ಮಾತು ಇದೇ ಎಂಬುದು ನನ್ನ ಅಭಿಪ್ರಾಯ.

ಫಲಕವನ್ನು ತಂತಿಯ ಬ್ರಷ್‌ನಿಂದ ತಿಕ್ಕಬೇಡಿ. ಅಚ್ಚಿನ ಬಣ್ಣ ಹೋದರೂ ಗುದ್ದಿದ ಅಂಕಿಗಳ ತಗ್ಗು ಲೋಹದಲ್ಲಿ ಉಳಿದಿರುತ್ತದೆ. ಮೆತ್ತನೆಯ ಬ್ರಷ್, ನೀರು, ಆಮೇಲೆ ಕತ್ತಲಕೋಣೆಯಲ್ಲಿ ಪಕ್ಕದಿಂದ ಓರೆಯಾಗಿ ಬೀಳುವ ಟಾರ್ಚ್ ಬೆಳಕು. ಹಗಲಲ್ಲಿ ಬೋಳಾಗಿ ಕಂಡ ಫಲಕದಲ್ಲಿ ಪೂರ್ತಿ ಸಾಲೊಂದು ಎದ್ದು ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಮೈ ನವಿರೇಳುತ್ತದೆ.

ಬೇರೆ ದೇಶದ ವಿಮಾನವಾಗಿದ್ದರೆ ಗುರುತುಗಳು ಬೇರೆ. ಬ್ರಿಟಿಷ್ ಸಾಮಗ್ರಿಯಲ್ಲಿ ಕಿರೀಟದ ಚಿಹ್ನೆ, ‘ಎಎಂ’ ಅಕ್ಷರಗಳು, ಮತ್ತು ಉಗ್ರಾಣದ ಸಂಖ್ಯೆ: 10ಡಿ ಎಂದು ಶುರುವಾದರೆ ಟ್ರಾನ್ಸ್‌ಮಿಟರ್ ಅಥವಾ ರಿಸೀವರ್, 10ಇ ಆದರೆ ವಾಲ್ವ್, 6ಎ ಆದರೆ ಹಾರಾಟದ ಮಾಪಕ. ಟಿ.1154 ಟ್ರಾನ್ಸ್‌ಮಿಟರ್‌ನ ನೀಲಿ, ಕೆಂಪು, ಹಳದಿ ಗುಂಡಿಗಳನ್ನು ಕೆಸರಿನಡಿಯಲ್ಲಿ ಒಮ್ಮೆ ಕಂಡವರು ಮರೆಯುವುದಿಲ್ಲ. ಅವು ಸಿಕ್ಕರೆ ಲ್ಯಾಂಕಾಸ್ಟರ್, ಹ್ಯಾಲಿಫ್ಯಾಕ್ಸ್, ಸ್ಟರ್ಲಿಂಗ್, ವೆಲಿಂಗ್ಟನ್‌ನಂಥ ದೊಡ್ಡ ವಿಮಾನ. ಜರ್ಮನ್ ಪೆಟ್ಟಿಗೆಗಳಲ್ಲಿ ‘ಎಫ್‌ಯುಜಿ’ ಸಂಖ್ಯೆ ಮತ್ತು ‘ಎಲ್‌ಎನ್’ ಎಂದು ಶುರುವಾಗುವ ಬೇಡಿಕೆ ಸಂಖ್ಯೆ ಇರುತ್ತವೆ. ಎಫ್‌ಯುಜಿ 10 ಹಲವರು ಕೂರುವ ವಿಮಾನದ್ದು, ಎಫ್‌ಯುಜಿ 220 ಎಂಬ ರೇಡಾರ್ ರಾತ್ರಿಯ ಬೇಟೆಗಾರ ವಿಮಾನದ್ದು. ಅವರ ಚಾಸಿಗಳು ಮೆಗ್ನೀಸಿಯಂ ಮಿಶ್ರಲೋಹದ ಎರಕ. ಬೆಂಕಿ ಬಿದ್ದರೆ ಉರಿದುಹೋಗುತ್ತವೆ, ಉಪ್ಪುನೀರಿಗೆ ಬಿದ್ದರೆ ಬಿಳಿ ಪುಡಿಯಾಗುತ್ತವೆ. ಸಮುದ್ರದಲ್ಲಿ ಕೆಲವೊಮ್ಮೆ ಪಿಂಗಾಣಿ ಬಿಡಿಭಾಗಗಳೂ ಒಂದೇ ಜಾತಿಯ ಹತ್ತಾರು ವಾಲ್ವ್‌ಗಳೂ ಗುಂಪಾಗಿ ಬಿದ್ದಿರುತ್ತವೆ, ಅವುಗಳನ್ನು ಹಿಡಿದಿದ್ದ ಪೆಟ್ಟಿಗೆಯೇ ಇರುವುದಿಲ್ಲ. ಆ ವಾಲ್ವ್ ಆರ್‌ವಿ12ಪಿ2000 ಆಗಿದ್ದರೆ ಜರ್ಮನ್ ಎಂದು ಧೈರ್ಯವಾಗಿ ಹೇಳಬಹುದು. ಒಂದೇ ವಾಲ್ವನ್ನು ಎಲ್ಲ ಕೆಲಸಕ್ಕೂ ಬಳಸುವುದು ಅವರ ಪದ್ಧತಿಯಾಗಿತ್ತು. ಜಪಾನಿನ ಉಪಕರಣಗಳ ಹೆಸರಿನಲ್ಲಿಯೇ ವರ್ಷ ಅಡಗಿದೆ: ‘ಮಾದರಿ 96’ ಎಂದರೆ ಅವರ ಸಾಮ್ರಾಜ್ಯ ಶಕೆ 2596, ಅಂದರೆ 1936. ಪ್ರಸಿದ್ಧ ‘ಝೀರೊ’ ವಿಮಾನಕ್ಕೆ ಆ ಹೆಸರು ಬಂದದ್ದು 2600ರ ಕೊನೆಯ ಸೊನ್ನೆಯಿಂದ.

ಆದರೆ ಫಲಕದ ಭಾಷೆಯೇ ವಿಮಾನದ ದೇಶ ಎಂದು ತಿಳಿಯಬಾರದು. 1942ರಲ್ಲಿ ಅಲೂಷಿಯನ್ ದ್ವೀಪಗಳ ಅಕುಟಾನ್‌ನಲ್ಲಿ ಅಮೆರಿಕನ್ನರಿಗೆ ಹೆಚ್ಚು ಹಾಳಾಗದ ಝೀರೊ ಸಿಕ್ಕಾಗ ಅದರೊಳಗಿನ ರೇಡಿಯೊ ದಿಕ್ಸೂಚಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿಯದಾಗಿತ್ತು. ಅಮೆರಿಕದ ಎಸ್‌ಸಿಆರ್-522 ರೇಡಿಯೊವಂತೂ ಬ್ರಿಟಿಷರ ಟಿಆರ್.1143ರ ಅಮೆರಿಕನ್ ರೂಪ. ಅದನ್ನೇ ಮತ್ತೆ ಬ್ರಿಟಿಷ್ ವಾಯುಪಡೆ ಟಿಆರ್.5043 ಎಂಬ ಹೆಸರಿನಲ್ಲಿ ಬಳಸಿತು. ಅದು ಸಿಕ್ಕರೆ ಸಮುದ್ರದ ಎರಡೂ ದಡಗಳ ವಿಮಾನಗಳು ಪಟ್ಟಿಯಲ್ಲಿ ಉಳಿಯುತ್ತವೆ.

ಆ 522ರ ಬಗ್ಗೆ ಇನ್ನೂ ಒಂದು ಮಾತು, ಏಕೆಂದರೆ ಅದರಲ್ಲಿ ಒಂದು ಬೆಳಗ್ಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಅದರ ನಾಲ್ಕು ಚಾನೆಲ್‌ಗಳಿಗೆ ಸ್ಫಟಿಕದ ಹರಳುಗಳನ್ನು ಚುಚ್ಚಬೇಕು. ಟ್ರಾನ್ಸ್‌ಮಿಟರ್ ತನ್ನ ಹರಳಿನ ಆವರ್ತನವನ್ನು 18 ಪಟ್ಟು ಮಾಡಿ ಹೊರಗೆ ಕಳುಹಿಸುತ್ತದೆ. ಹರಳಿನ ಮೇಲೆ 6,500 ಕಿಲೋಹರ್ಟ್ಸ್ ಎಂದಿದ್ದರೆ ಆ ಚಾನೆಲ್ 117 ಮೆಗಾಹರ್ಟ್ಸ್. ಆ ನಾಲ್ಕು ಸಂಖ್ಯೆಗಳು ಯಾವುದೋ ದಳದ, ಯಾವುದೋ ಪ್ರದೇಶದ ಅಂದಿನ ಚಾನೆಲ್ ಪಟ್ಟಿ. ಆ ಪಟ್ಟಿ ದಾಖಲೆಗಳಲ್ಲಿ ಉಳಿದಿದ್ದರೆ, ಹೋಲಿಸಿ ನೋಡಲು ಒಂದು ಹಿಡಿಕೆ ಸಿಕ್ಕಿತು. ಹಾಗೆಯೇ ಡಯಲ್ ನಿಂತ ಜಾಗ, ಜಾಕ್‌ಬಾಕ್ಸ್‌ನ ಗುಂಡಿ ತಿರುಗಿದ ದಿಕ್ಕು, ರಿಸೀವರ್‌ನ ಪಕ್ಕ ಪೆನ್ಸಿಲ್‌ನಲ್ಲಿ ಗೀಚಿದ ಅಂಕಿ ಇವೆಲ್ಲವನ್ನೂ ಮುಟ್ಟುವ ಮೊದಲು ಫೋಟೊ ತೆಗೆಯಬೇಕು. ಅಪಘಾತದ ಹೊಡೆತಕ್ಕೆ ಗುಂಡಿ ತಿರುಗಿರಬಹುದು ನಿಜ. ಆದರೆ ಏಳೂ ಡಬ್ಬಿಗಳ ಗುಂಡಿ ಒಂದೇ ಕಡೆ ತಿರುಗಿದ್ದರೆ ಅದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸು ಬಾರದು.

ಅವಶೇಷದ ರೇಡಿಯೊವನ್ನು ಓದುವ ಈ ವಿದ್ಯೆ ಯುದ್ಧದ ನಡುವೆಯೇ ಹುಟ್ಟಿದ್ದು, ಮತ್ತು ಆಗ ಅದನ್ನು ಓದಿದ್ದು ಶತ್ರುಗಳು. 1940ರ ಜೂನ್‌ನಲ್ಲಿ ಬ್ರಿಟನ್ನಿನ ಯುವ ವಿಜ್ಞಾನಿ ಆರ್. ವಿ. ಜೋನ್ಸ್ ಜರ್ಮನ್ ಬಾಂಬರ್‌ಗಳು ಯಾವುದೋ ರೇಡಿಯೊ ಕಿರಣದ ಮೇಲೆ ಹಾರಿಬರುತ್ತಿವೆ ಎಂದು ಶಂಕಿಸಿದ್ದರು. ಬಿದ್ದ ಹೈಂಕಲ್ 111 ವಿಮಾನಗಳಲ್ಲಿ ಹೊಸ ಉಪಕರಣವೇನೂ ಇರಲಿಲ್ಲ. ಮಂಜಿನಲ್ಲಿ ಇಳಿಯಲು ಎಲ್ಲರೂ ಬಳಸುವ ಮಾಮೂಲು ಲೊರೆಂಜ್ ರಿಸೀವರ್ ಇತ್ತು, ಅಷ್ಟೇ. ಫಾರ್ನ್‌ಬರೊದಲ್ಲಿ ಅದನ್ನು ಪರೀಕ್ಷಿಸಿದವರನ್ನು ಜೋನ್ಸ್ ಕೇಳಿದಾಗ, ಇಳಿಯುವ ಕೆಲಸಕ್ಕೆ ಬೇಕಾದುದಕ್ಕಿಂತ ಅದು ತೀರಾ ಹೆಚ್ಚು ಸೂಕ್ಷ್ಮವಾಗಿದೆ ಎಂಬ ಉತ್ತರ ಬಂತು. ಅಷ್ಟು ಸಾಕಾಯಿತು. ಜೂನ್ 21ರ ರಾತ್ರಿ ಆನ್ಸನ್ ವಿಮಾನವೊಂದು ಹಾರಿ ಆಕಾಶದಲ್ಲಿ ಆ ಕಿರಣಗಳನ್ನು ಪತ್ತೆ ಮಾಡಿತು. ಇದು ಏನು ಎಂಬಲ್ಲಿಗೆ ನಿಲ್ಲದೆ, ಇದು ಇಷ್ಟೊಂದು ಚೆನ್ನಾಗಿರಬೇಕಾದ ಅಗತ್ಯವೇನು ಎಂದು ಕೇಳುವುದನ್ನು ನಾನು ಆ ಪ್ರಸಂಗದಿಂದ ಕಲಿತೆ.

ಅದೇ ವರ್ಷ ನವೆಂಬರ್ 6ರಂದು ದಾರಿ ತಪ್ಪಿದ ಇನ್ನೊಂದು ಹೈಂಕಲ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ವೆಸ್ಟ್ ಬೇ ಎಂಬಲ್ಲಿ ನೀರಿನಂಚಿಗೆ ಇಳಿಯಿತು. ಅದರಲ್ಲಿ ‘ಎಕ್ಸ್’ ಎಂದು ಕರೆಯುತ್ತಿದ್ದ, ಇನ್ನೂ ನಿಖರವಾದ ದಾರಿತೋರುವ ಉಪಕರಣವಿತ್ತು. ವಿಮಾನ ಯಾರಿಗೆ ಸೇರಬೇಕೆಂದು ಭೂಸೇನೆಗೂ ನೌಕಾಪಡೆಗೂ ತಕರಾರೆದ್ದು, ಎಳೆದಾಟದಲ್ಲಿ ಅದು ಇನ್ನಷ್ಟು ಆಳಕ್ಕೆ ಹೋಗಿ ಉಪ್ಪುನೀರು ಕುಡಿಯಿತು. ಕೊನೆಗೂ ಉಪಕರಣವನ್ನು ಶುಚಿಮಾಡಿ ನೋಡಿದಾಗ ಅದರ ಫಿಲ್ಟರ್ 2,000 ಹರ್ಟ್ಸ್ ಸ್ವರವನ್ನಷ್ಟೇ ಒಳಬಿಡುತ್ತಿತ್ತು. ಬ್ರಿಟಿಷರು ಅಡ್ಡಿಪಡಿಸಲು ಹಾಕುತ್ತಿದ್ದ ಸ್ವರ 1,500 ಹರ್ಟ್ಸ್, ಅದು ಆ ಫಿಲ್ಟರನ್ನು ದಾಟುತ್ತಲೇ ಇರಲಿಲ್ಲ. ಕವೆಂಟ್ರಿ ನಗರದ ಮೇಲೆ ಬಾಂಬ್ ಮಳೆ ಸುರಿದದ್ದು ನವೆಂಬರ್ 14ರ ರಾತ್ರಿ. ಕಂಡ ವಸ್ತುವನ್ನು ಹೊಣೆಯಿಲ್ಲದೆ ಎಳೆದಾಡುವವರನ್ನು ಕಂಡಾಗಲೆಲ್ಲ ನನಗೆ ಆ ಕಡಲತೀರ ನೆನಪಾಗುತ್ತದೆ.

ಮೂರನೆಯದು ಜರ್ಮನ್ನರ ಸರದಿ. ಮೋಡದೊಳಗಿಂದಲೂ ನೆಲವನ್ನು ತೋರಿಸುವ ಎಚ್2ಎಸ್ ರೇಡಾರನ್ನು ಬ್ರಿಟಿಷರು 1943ರ ಜನವರಿ 30ರ ರಾತ್ರಿ ಹ್ಯಾಂಬರ್ಗ್ ಮೇಲೆ ಮೊದಲು ಬಳಸಿದರು. ಕೆಲವೇ ದಿನಗಳಲ್ಲಿ, ಫೆಬ್ರವರಿ 2ರ ರಾತ್ರಿ, ಅದನ್ನು ಹೊತ್ತ ಸ್ಟರ್ಲಿಂಗ್ ಒಂದು ರೋಟರ್‌ಡ್ಯಾಮ್ ಬಳಿ ಉರುಳಿತು. ರೇಡಾರಿನ ಹೃದಯವಾದ ಮ್ಯಾಗ್ನೆಟ್ರಾನ್ ಗಟ್ಟಿ ತಾಮ್ರದ ತುಂಡು. ಸ್ಫೋಟಕ ಇಟ್ಟರೂ ಪೂರ್ತಿ ನಾಶವಾಗದು ಎಂಬುದು ಬ್ರಿಟಿಷರಿಗೆ ಮೊದಲೇ ಗೊತ್ತಿತ್ತು. ಜರ್ಮನ್ ಎಂಜಿನಿಯರ್‌ಗಳು ಅವಶೇಷದಿಂದಲೇ ಅದನ್ನು ಬಿಡಿಸಿಕೊಂಡರು, ಅದಕ್ಕೆ ‘ರೋಟರ್‌ಡ್ಯಾಮ್ ಉಪಕರಣ’ ಎಂದೇ ಹೆಸರಿಟ್ಟರು.

ಈಗ ಜೀವಕ್ಕೆ ಸಂಬಂಧಿಸಿದ ಮಾತು. ಶತ್ರುವಿನ ಕೈಗೆ ಸಿಗಬಾರದೆಂದೇ ಕೆಲವು ಪೆಟ್ಟಿಗೆಗಳೊಳಗೆ ಸಿಡಿಮದ್ದು ಇಡುತ್ತಿದ್ದರು. ಮಿತ್ರ ವಿಮಾನವೇ ಶತ್ರು ವಿಮಾನವೇ ಎಂದು ಗುರುತಿಸುವ ‘ಐಎಫ್‌ಎಫ್’ ಉಪಕರಣದಲ್ಲಿ ಇದು ಮಾಮೂಲು. ಬಿದ್ದ ಹೊಡೆತಕ್ಕೆ ತಾನಾಗಿ ಸಿಡಿಯಲು ಒಂದು ಸ್ವಿಚ್, ಸಿಬ್ಬಂದಿ ತಾವೇ ಸಿಡಿಸಲು ಜೋಡಿ ಗುಂಡಿಗಳು. ಅಮೆರಿಕನ್ ವಿಮಾನದಲ್ಲಿ ಅದು ಬಿಸಿ-966 ಎಂಬ ಪೆಟ್ಟಿಗೆ. ಸಿಡಿಯದೆ ಉಳಿದದ್ದು ಎಂಬತ್ತು ವರ್ಷಗಳ ನಂತರವೂ ನಿರಪಾಯಕಾರಿಯೆಂದು ಯಾರೂ ಭರವಸೆ ಕೊಡಲಾರರು. ಆ ಸಂಖ್ಯೆ ಕಂಡರೆ, ಅಥವಾ ಗುರುತು ಸಿಗದ ಮುಚ್ಚಿದ ಪೆಟ್ಟಿಗೆ ಕಂಡರೆ ಮುಟ್ಟಬೇಡಿ, ಬಿಚ್ಚಬೇಡಿ, ಪೊಲೀಸರಿಗೆ ತಿಳಿಸಿ. ಮಾಪಕಗಳ ಡಯಲ್‌ಗಳಲ್ಲಿ ಹೊಳೆಯುತ್ತಿದ್ದ ಬಣ್ಣ ರೇಡಿಯಂ. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿಲ್ಲ, ಅದರ ಪುಡಿಯನ್ನು ಉಸಿರಾಡಬಾರದು.

ಇನ್ನು ನೀವು ಕೆಳಗೆ ತಂದ ಪೆಟ್ಟಿಗೆ. ಬೇಸರ ಮಾಡಿಕೊಳ್ಳದೆ ಕೇಳಿ. ಆ ಇಳಿಜಾರಿನಲ್ಲಿ ಮನುಷ್ಯರ ಮೂಳೆ ಇನ್ನೂ ಇರಬಹುದು. ಅದು ಸಮಾಧಿ ಎಂದೇ ಭಾವಿಸಿ ಹೆಜ್ಜೆಯಿಡಬೇಕಾದ ಜಾಗ. ಬ್ರಿಟನ್ನಿನಲ್ಲಿ 1986ರ ಕಾಯ್ದೆಯ ಪ್ರಕಾರ ಸೇನಾ ವಿಮಾನ ಬಿದ್ದ ಯಾವ ಜಾಗವನ್ನೂ ಅನುಮತಿಯಿಲ್ಲದೆ ಕೆದಕುವಂತಿಲ್ಲ. ಕಾನೂನು ಹಾಗಿರಲಿ, ಶೋಧದ ದೃಷ್ಟಿಯಿಂದಲೂ ವಸ್ತು ಬಿದ್ದ ಜಾಗಕ್ಕೆ ವಸ್ತುವಿನಷ್ಟೇ ಬೆಲೆಯಿದೆ. 2012ರಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬ್ರಿಟಿಷ್ ವಾಯುಪಡೆಯ ಕಿಟ್ಟಿಹಾಕ್ ಯುದ್ಧವಿಮಾನವೊಂದು ಸಿಕ್ಕಿತು, 1942ರ ಜೂನ್‌ನಲ್ಲಿ ಕಾಣೆಯಾದದ್ದು. ಅದರ ರೇಡಿಯೊ ಮತ್ತು ಬ್ಯಾಟರಿ ವಿಮಾನದ ಹೊರಗೆ ಇದ್ದವು. ಪೈಲಟ್ ಬದುಕಿ ಇಳಿದಿದ್ದ, ಸಹಾಯಕ್ಕೆ ಕರೆ ಕಳುಹಿಸಲು ಪ್ರಯತ್ನಿಸಿದ್ದ ಎಂದು ಅವು ಬಿದ್ದಿದ್ದ ಜಾಗವೇ ಹೇಳಿತು. ಯಾರಾದರೂ ಆ ರೇಡಿಯೊವನ್ನು ಮೊದಲೇ ಎತ್ತಿಕೊಂಡು ಹೋಗಿದ್ದರೆ ಆ ಮನುಷ್ಯನ ಕೊನೆಯ ದಿನ ನಮಗೆ ತಿಳಿಯುತ್ತಲೇ ಇರಲಿಲ್ಲ.

ಮುಂದೆ ಬೇಕಾದುದು ಎಂಜಿನ್ನಿನ ಫಲಕ. ಅದರಲ್ಲಿ ಎಂಜಿನ್ನಿನ ಮಾದರಿಯ ಹೆಸರನ್ನು ನೋಡಿ. ಆರ್-2600 ಆದರೆ ಬಿ-25, ಆರ್-2800 ಆದರೆ ಸಿ-46. ಬಿ-24 ಮತ್ತು ಸಿ-47 ಎರಡಕ್ಕೂ ಒಂದೇ ಜಾತಿಯ ಆರ್-1830 ಎಂಜಿನ್ ಇದ್ದುದರಿಂದ ಅಲ್ಲಿ ಆ ಹೆಸರಿನ ಕೊನೆಗೆ ಬರುವ ಎರಡಂಕಿಯ ಸಂಖ್ಯೆ ನೋಡಬೇಕು: ಬಿ-24ಜೆಗೆ 65, ಬಿ-24ಡಿ ಮತ್ತು ಅದರ ಸಾಗಣೆ ರೂಪವಾದ ಸಿ-87ಕ್ಕೆ 43, ಸಾಮಾನ್ಯ ಸಿ-47ಕ್ಕೆ 92. ಪೈಲಟ್‌ನ ಮುಂದಿನ ಹಲಗೆಯ ಚೂರು ಸಿಕ್ಕರೆ ಅದರಲ್ಲಿ ‘ರೇಡಿಯೊ ಕಾಲ್’ ಎಂಬ ಸಣ್ಣ ಫಲಕವನ್ನು ಹುಡುಕಿ. ರೇಡಿಯೊ ಎಂಬ ಪದ ಬರೆದಿರುವ ವಸ್ತುಗಳಲ್ಲಿ ವಿಮಾನವನ್ನು ನೇರವಾಗಿ ಹೆಸರಿಸುವುದು ಅದೊಂದೇ. ವಿಮಾನದ ಸಂಖ್ಯೆಯ ವರ್ಷದಲ್ಲಿ ಮೊದಲ ಅಂಕಿಯನ್ನು ಬಿಟ್ಟು ಬರೆಯುವುದು ರೂಢಿ. 42ರಿಂದ ಶುರುವಾಗುವ ಸಂಖ್ಯೆ ಅಲ್ಲಿ 2ರಿಂದ ಶುರುವಾಗುತ್ತದೆ. ಇವುಗಳನ್ನು ಎತ್ತಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆದು, ಜಿಪಿಎಸ್ ಗುರುತು ಬರೆದುಕೊಳ್ಳಿ. ಅಮೆರಿಕನ್ ವಿಮಾನವೆಂದು ಖಚಿತವಾದರೆ, ಕಾಣೆಯಾದ ಸೈನಿಕರನ್ನು ಹುಡುಕಲೆಂದೇ ಇರುವ ಆ ದೇಶದ ರಕ್ಷಣಾ ಇಲಾಖೆಯ ಸಂಸ್ಥೆ ಡಿಪಿಎಎಗೆ ಈ ವಿವರ ತಲುಪಬೇಕು.

ಅದಕ್ಕೂ ಮೊದಲು ಇಂದು ರಾತ್ರಿಯೇ ಒಂದು ಕೆಲಸ ಮಾಡಿ. ಆ ಬಿಸಿ-454 ಪೆಟ್ಟಿಗೆ ಎಲ್ಲಿ ಬಿದ್ದಿತ್ತು, ಯಾವ ಮಗ್ಗುಲಾಗಿತ್ತು, ಏಳು ಡಬ್ಬಿಗಳಲ್ಲಿ ಯಾವುದು ಅದಕ್ಕೆ ಹತ್ತಿರವಿತ್ತು, ಡಯಲ್ ಯಾವ ಅಂಕಿಯ ಮೇಲೆ ನಿಂತಿತ್ತು ಎಂದು ತಂಡದ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಕೂತು, ಒಬ್ಬರನ್ನೊಬ್ಬರು ಕೇಳದೆ, ಒಂದೊಂದು ಹಾಳೆಯಲ್ಲಿ ನಕ್ಷೆ ಬರೆದಿಡಿ.